ಗಡಿಯಾರದೊಳಗಿನ ಕುದುರೆ

ಆ ಬೆಳಿಗ್ಗೆ ಕವಿದ ಮಂಜಿನಲ್ಲಿ ಮೂರನೇ ಮಹಡಿಯ ಕಿಟಕಿಯಿಂದ ಎದುರು ಕಟ್ಟಡವೇ ಕಾಣುತ್ತಿರಲಿಲ್ಲ. ಕಣ್ಣು ಕಾಣದ ದಿನ ಮನುಷ್ಯನ ಕಿವಿ ಚುರುಕಾಗುತ್ತದೆ, ಗುಮಾನಿಯೂ ಚುರುಕಾಗುತ್ತದೆ. ಮೆಟ್ಟಿಲ ಮೇಲೆ ಯಾರೋ ನಿಂತು ನಿಂತು ಹತ್ತುವ ಸದ್ದಿಗೆ ಅತ್ತಿಗೆ ಕಂಪ್ಯೂಟರಿನಿಂದ ಕೈ ತೆಗೆದಳು.

ಆ ಕೋಣೆಯಲ್ಲಿ ಕೆಲಸ ಮಾಡುವವರು ಅತ್ತಿಗೆ, ಮೈದುನ ಇಬ್ಬರೇ. ಯಾರ್ಯಾರೋ ಬರೆದ ಸಾಫ್ಟ್‌ವೇರನ್ನು ಕಂಪ್ಯೂಟರಿನಲ್ಲಿ ನಡೆಯುವಂತೆ ಕಟ್ಟಿ, ಕೇಳಿದವರಿಗೆ ಹಂಚುವುದು ಅವರ ಕಸುಬು. ಒಂದೊಂದಕ್ಕೂ ಒಂದು ರೆಸಿಪಿ: ಮೂಲ ಎಲ್ಲಿದೆ, ಏನೇನು ಸೇರಿಸಬೇಕು, ಹೇಗೆ ಕಟ್ಟಬೇಕು. ಕೊನೆಯಲ್ಲಿ ಒಂದು ಲೇಬಲ್: ಕಟ್ಟಿದ ಪ್ರತಿಯನ್ನು ಹಂಚಬಹುದೋ ಇಲ್ಲವೋ, ಇಲ್ಲದಿದ್ದರೆ ಕಾರಣವೇನು. ಅದನ್ನು ಬರೆಯುವಾಗ ಅತ್ತಿಗೆ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಇನ್ನೊಬ್ಬರ ಮಾತನ್ನು ಅವರಿಲ್ಲದಾಗ ಹೇಳುವ ಕೆಲಸವದು, ಮೇಲಿರುವವನು ಕೇಳಿಸಿಕೊಳ್ಳುತ್ತಾನೆ ಎಂಬ ಅಂಜಿಕೆ ಅವಳಿಗೆ.

ಬಂದವರು ಗಡಿಯಾರ ರಿಪೇರಿಯ ಮುದುಕರು. ಗಡಿಯಾರದ ಟಿಕ್‌ಟಿಕ್ ಆಲಿಸಿ, ಅದು ದಿನಕ್ಕೆಷ್ಟು ಸೆಕೆಂಡು ಹಿಂದೆ ಬೀಳುತ್ತದೆ ಎಂದು ಹೇಳುವ ಸಾಫ್ಟ್‌ವೇರನ್ನು ಮೂರು ವರ್ಷದ ಹಿಂದೆ ಬರೆದು ಕೊಟ್ಟವರು. ಆ ದಿನವೇ ಕೋಣೆಯ ನಿಂತುಹೋದ ಗೋಡೆಗಡಿಯಾರವನ್ನು ಸರಿಮಾಡಿ ತರುತ್ತೇನೆಂದು ಒಯ್ದವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಗೋಡೆಯಲ್ಲಿ ಮೊಳೆ, ಅದರ ಕೆಳಗೆ ಮಾಸದೆ ಉಳಿದ ಒಂದು ಬಿಳಿ ವೃತ್ತ. ಮೈದುನ ಆಗಾಗ ಅದರತ್ತ ನೋಡಿ, ಕಳ್ಳರ ಮನೆಯಲ್ಲಿ ಈಗ ಗಂಟೆ ಎಷ್ಟಾಯಿತೋ ಎನ್ನುತ್ತಿದ್ದ.

ಮುದುಕರು ಕುಳಿತರು. ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದರು.

"ನನ್ನ ತಮ್ಮ ಮಾತು ಬಿಟ್ಟು ಮೂರು ವರ್ಷ ಆಯ್ತಮ್ಮ," ಎಂದರು. "ಅವನೂ ಗಡಿಯಾರದವನೇ. ನಿಮ್ಮ ಹತ್ರ ನನ್ನ ಸಾಫ್ಟ್‌ವೇರ್ ಕೇಳಿದ್ದಕ್ಕೆ, ಬರೆದವರು ಹಂಚೋಕೆ ಬಿಟ್ಟಿಲ್ಲ ಅಂತ ಉತ್ತರ ಬಂತಂತೆ. ಒಡಹುಟ್ಟಿದವನಿಗೂ ಬೀಗ ಹಾಕಿದ್ಯಾ ಅಂದ. ನಾನು ಹಾಕಿಲ್ಲ ಅಂದ್ರೆ ನಂಬಲಿಲ್ಲ."

ಬೀಗ ಹಾಕಿದವರು ನೀವೇ ಎಂಬ ಸಿಟ್ಟಿನಲ್ಲಿ ಇಷ್ಟು ದಿನ ಇತ್ತ ಬರಲಿಲ್ಲವೆಂದೂ, ನಿನ್ನೆ ತಂಗಿ ಬಂದು ಅತ್ತದ್ದಕ್ಕೆ ಬಂದೆನೆಂದೂ ಹೇಳಿದರು.

ಮೈದುನ ಅತ್ತಿಗೆಯ ಕಡೆ ಬಾಗಿ ಪಿಸುಗುಟ್ಟಿದ. "ತಾವೇ ಬೇಡ ಅಂದು ಈಗ ನಮ್ಮ ತಲೆಗೆ ಕಟ್ತಿದ್ದಾರೆ ಅತ್ತಿಗೆ. ಆ ಚೀಲದಲ್ಲಿ ವಕೀಲರ ಕಾಗದ ಇರ್ಬೇಕು, ನೋಡ್ತಿರಿ."

"ಕಿವಿಯಿಂದ್ಲೇ ಹೊಟ್ಟೆ ಹೊರೆಯೋನು ನಾನು," ಎಂದರು ಮುದುಕರು. "ನೀನು ಇನ್ನೂ ಸ್ವಲ್ಪ ಮೆತ್ತಗೆ ಮಾತಾಡಬೇಕಪ್ಪ."

ಅತ್ತಿಗೆಗೂ ಒಳಗೊಳಗೇ ಅನುಮಾನವಿತ್ತು. ಕೊಟ್ಟ ಮಾತನ್ನು ಆಮೇಲೆ ತಿರುಚಿದವರನ್ನು ಅವಳು ಕಂಡಿದ್ದಳು. ಎದ್ದು ಬೀರುವಿನಿಂದ ಹಳೆಯ ಫೈಲು ತೆಗೆದಳು. ಮುದುಕರ ಅಕ್ಷರದಲ್ಲೇ ಪತ್ರವಿತ್ತು: ಯಾರು ಬೇಕಾದರೂ ಕಟ್ಟಲಿ, ಹಂಚಲಿ. ಕೆಳಗೆ ಸಹಿ.

ಕಂಪ್ಯೂಟರಿನಲ್ಲಿ ರೆಸಿಪಿ ತೆರೆದಳು. ಲೇಬಲ್ಲಿನಲ್ಲಿ ಇದ್ದದ್ದು, ಹಂಚುವಂತಿಲ್ಲ. ಅವಳ ಕಣ್ಣು ತಾನಾಗಿ ಮೈದುನನ ಮೇಲೆ ಹೋಯಿತು.

"ನನ್ನ ಮುಖ ಯಾಕೆ ನೋಡ್ತೀರಿ? ಬರೆದೋರು ಯಾರು ಅಂತ ಅಲ್ಲೇ ಇರುತ್ತಲ್ಲ."

ಇತ್ತು. ಅವಳದೇ ಹೆಸರು. ಅದರ ಕೆಳಗೆ ಕಾರಣದ ಸಾಲು. ಕಾರಣ ಬರೆದಿದೆಯೋ ಇಲ್ಲವೋ ಎಂದಷ್ಟೇ ಕಂಪ್ಯೂಟರ್ ನೋಡುತ್ತದೆ, ಓದುವುದಿಲ್ಲ; ಇದ್ದರೆ, ಬರೆದವರು ಹಂಚಲು ಬಿಟ್ಟಿಲ್ಲ ಎಂದು ಕೇಳಿದವರಿಗೆ ತಾನೇ ಉತ್ತರ ಕಳಿಸುತ್ತದೆ. ಮೂರು ವರ್ಷ ಮನುಷ್ಯರೂ ಓದಿರಲಿಲ್ಲ. ಅತ್ತಿಗೆ ಈಗ ಗಟ್ಟಿಯಾಗಿ ಓದಿದಳು: "ಕುದುರೆಯ ಚಿತ್ರ ಬೇರೆಯವರದು, ಹಂಚಲು ಅನುಮತಿ ಇಲ್ಲ."

ಮುದುಕರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ನನ್ನ ಗಡಿಯಾರದೊಳಗೆ ಕುದುರೆ ಯಾವಾಗ ಬಂತಮ್ಮ?"

ಅದು ಚದುರಂಗದ ಆಟದ ಕುದುರೆ. ಆ ವಾರ ಅವಳು ಚದುರಂಗದ ರೆಸಿಪಿಯನ್ನೇ ಅಚ್ಚಾಗಿ ಇಟ್ಟುಕೊಂಡು ಗಡಿಯಾರದ್ದನ್ನು ಬರೆದಿದ್ದಳು. ಉಳಿದದ್ದೆಲ್ಲ ಬದಲಾಗಿತ್ತು, ಲೇಬಲ್ ಮಾತ್ರ ಹಾಗೇ ಉಳಿದಿತ್ತು. ಪ್ರತಿಸಲ ಮುಚ್ಚುವ ಕಣ್ಣನ್ನು ಅವತ್ತು ತೆರೆಯುವುದನ್ನೇ ಮರೆತಿದ್ದಳೇನೋ.

"ತಪ್ಪು ನನ್ನದೇ," ಎಂದಳು.

ಸಾಲು ಅಳಿಸಿದಳು. ತಿದ್ದಿದ್ದು ಏಕೆ ಎಂಬಲ್ಲಿ ತನ್ನ ತಪ್ಪೆಂದೇ ಬರೆದಳು. ಹೊಸದಾಗಿ ಕಟ್ಟಿದ ಪ್ರತಿಯನ್ನೂ ಹಳೆಯ ಪತ್ರದ ಫೋಟೋವನ್ನೂ ಮೊದಲು ಆ ತಮ್ಮನಿಗೆ ಕಳಿಸಲು ಸಿದ್ಧಮಾಡಿದಳು. ಜೊತೆಗೆ ಎರಡು ಸಾಲು: ಈ ಬೀಗ ಹಾಕಿದವಳು ನಾನು, ಇದನ್ನು ಬರೆದವರಲ್ಲ; ಅವರು ಮೊದಲಿನಿಂದಲೂ ಎಲ್ಲರಿಗೂ ಕೊಟ್ಟಿದ್ದರು.

ಮುದುಕರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಬರೆದವರು ಅಂತ ಬೇಡಮ್ಮ. ನಿಮ್ಮ ಅಣ್ಣ ಅಂತ ಹಾಕು."

ಅವಳು ಹಾಗೇ ಹಾಕಿ ಕಳಿಸಿದಳು.

ಮುದುಕರು ಎದ್ದು ನಿಂತು ಚೀಲದ ಬಾಯಿ ಬಿಚ್ಚಿದರು. ಮೈದುನ ಕುರ್ಚಿಯಲ್ಲೇ ನೆಟ್ಟಗಾದ. ಅವರು ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ಗೋಡೆಗಡಿಯಾರವನ್ನು ಹೊರತೆಗೆದು, ಕೀಲಿ ಕೊಟ್ಟು, ಮುಳ್ಳು ತಿರುಗಿಸಿ, ಅದನ್ನು ಅವನ ಕೈಯಲ್ಲಿಟ್ಟರು.