ತಾಳೆಯಾದ ಚೀಟಿಗಳು

ಮನೆ ಕೊಳ್ಳುವ ಮೊದಲು ನಾನು ಬರೆದ ಚೀಟಿಯಲ್ಲಿ ಮಹಡಿಗೆ ಹನ್ನೊಂದು ಮೆಟ್ಟಿಲು ಎಂದಿತ್ತು. ಅಕ್ಕ ಬರೆದ ಚೀಟಿಯಲ್ಲೂ ಹನ್ನೊಂದು ಎಂದೇ ಇತ್ತು. ಮನೆ ನಮ್ಮದಾದ ಮೇಲೆ, ಬೀರುವಿನ ಒಂದು ತುದಿ ನಾನು, ಇನ್ನೊಂದು ತುದಿ ನಮ್ಮ ಯಜಮಾನರು ಹಿಡಿದು ಹತ್ತಿಸುವಾಗ ಉಸಿರು ಕಟ್ಟಿ ಒಂದೊಂದೇ ಮೆಟ್ಟಿಲು ಎಣಿಸಿದೆ. ಹನ್ನೆರಡು ಇತ್ತು.

ನಾವು ಅಕ್ಕ ತಂಗಿ ಕೋಟು ಹೊಲಿಯುವವರು. ಅಪ್ಪ ನಡೆಸಿಕೊಂಡು ಬಂದ ಬಾಡಿಗೆ ಅಂಗಡಿ, ಒಂದನೇ ಮಹಡಿಯಲ್ಲಿ. ಬಟ್ಟೆ ಕತ್ತರಿಸುವ ಮೇಜು ಎರಡು ಹಿಡಿಸುತ್ತವೆ, ಮೂರನೆಯದನ್ನು ಇಡಬೇಕೆಂದರೆ ಗೋಡೆ ಒಡೆಯಬೇಕು. ಗಿರಾಕಿಗಳು ಅವಳನ್ನು ದೊಡ್ಡ ಕತ್ತರಿ ಅಂತಲೂ ನನ್ನನ್ನು ಚಿಕ್ಕ ಕತ್ತರಿ ಅಂತಲೂ ಕರೆಯುತ್ತಿದ್ದರು. ಎತ್ತರದಲ್ಲಿ ನಾನೇ ಅವಳಿಗಿಂತ ಅರ್ಧ ಅಡಿ ಹೆಚ್ಚು, ಆದರೂ ಚಿಕ್ಕವಳು ಚಿಕ್ಕವಳೇ.

ಅಪ್ಪ ಒಂದು ಕ್ರಮ ಮಾಡಿಟ್ಟು ಹೋಗಿದ್ದರು. ಗಿರಾಕಿ ಬಂದರೆ ಒಬ್ಬಳು ಅಳತೆ ತೆಗೆದು ಚೀಟಿಯಲ್ಲಿ ಬರೆದು ಡ್ರಾಯರಿನಲ್ಲಿ ಮಗುಚಿ ಇಡಬೇಕು. ಇನ್ನೊಬ್ಬಳು ಅದನ್ನು ನೋಡದೆ ಮತ್ತೆ ಅಳತೆ ತೆಗೆದು ತನ್ನ ಚೀಟಿ ಬರೆಯಬೇಕು. ಎರಡನ್ನೂ ತಾಳೆ ನೋಡಿದ ಮೇಲೆಯೇ ಕತ್ತರಿ ಎತ್ತುವುದು. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಚೀಟಿಗಳು ಪೂರ್ತಿ ತಾಳೆಯಾದದ್ದು ಒಮ್ಮೆಯೂ ಇಲ್ಲ. ಅಕ್ಕ ಟೇಪನ್ನು ಬಿಗಿಯಾಗಿ ಎಳೆಯುತ್ತಾಳೆ, ನಾನು ಸಡಿಲ ಬಿಡುತ್ತೇನೆ. “ನೀನು ಉಂಡವರನ್ನೂ ಉಪವಾಸ ಇದ್ದವರ ಥರ ಅಳೀತೀಯ” ಅಂತ ನಾನು ರೇಗಿಸಿದರೆ, “ನೀನು ಹೊಲಿಯೋದು ಕೋಟೋ ಡೇರೆಯೋ” ಅಂತ ಅವಳು. ಕಾಲಿಂಚಿಗಾಗಿ ಜಗಳವಾಡಿ, ಗಿರಾಕಿಯನ್ನು ಮತ್ತೆ ನಿಲ್ಲಿಸಿ ಮೂರನೇ ಸಲ ಅಳೆಯುತ್ತಿದ್ದೆವು. ಹಾಗಾಗಿ ನಮ್ಮ ಕೈಯಲ್ಲಿ ಒಂದು ಕೋಟೂ ಕೆಟ್ಟದ್ದಿಲ್ಲ.

ದಿನಾ ಎರಡು ಬಸ್ಸು ಬದಲಾಯಿಸಿ ಅಂಗಡಿಗೆ ಬರುವುದು ನನಗೆ ಸಾಕುಸಾಕಾಗಿತ್ತು. ಕೆಳಗೆ ನನ್ನದೇ ಅಂಗಡಿ, ಮೇಲೆ ಮನೆ, ಹೀಗೊಂದು ಜಾಗ ಸಿಕ್ಕರೆ ಅಂತ ಬಹಳ ದಿನದಿಂದ ಆಸೆ. ಹಾಗೇ ಒಂದು ಸಿಕ್ಕಿತು. ಮುಂದಿನ ಕೋಣೆಗೆ ಎರಡು ದೊಡ್ಡ ಕಿಟಕಿ, ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರವೂ ಕಾಣುವಷ್ಟು ಬೆಳಕು. ಅದನ್ನು ಕೊಳ್ಳಬೇಕೆಂದರೆ ಇದ್ದ ಮನೆಯನ್ನು ಮಾರಲೇಬೇಕು. ನಮ್ಮ ಯಜಮಾನರು ಸಾಮಾನು ಸಾಗಿಸುವ ವ್ಯಾನ್ ಓಡಿಸುವವರು, ಮಾತು ಕಡಿಮೆ. ಅವರು ಅಂದು ಮಾತ್ರ ಕೂತು ಹೇಳಿದರು.

“ಈಗ ಕೆಲಸಕ್ಕೆ ಏನಾದ್ರೂ ಆದ್ರೆ ಮನೆ ಇದೆ, ಮನೆಗೆ ಏನಾದ್ರೂ ಆದ್ರೆ ಕೆಲಸ ಇದೆ. ಎರಡನ್ನೂ ಒಂದೇ ಸೂರಿನ ಕೆಳಗೆ ತಂದಿಟ್ಟು, ಆ ಸೂರಿಗೇ ಏನಾದ್ರೂ ಆದ್ರೆ?”

“ಅದಕ್ಕೇ ಎರಡು ಚೀಟಿ ಬರೆಸ್ತೀನಿ ರೀ,” ಅಂದೆ.

ಕೋಟಿಗೆ ಇಷ್ಟು ಜೋಪಾನ ಮಾಡುವವಳು ಮನೆಗೆ ಮಾಡದೆ ಇರುತ್ತೇನೆಯೇ? ನಾನು ಹೋಗಿ ನೋಡಿ ಬರೆದೆ: ಹಿಂದಿನ ಗೋಡೆಗೆ ತೇವ, ನಲ್ಲಿಯ ನೀರು ಸಣ್ಣ, ಮಹಡಿಗೆ ಹನ್ನೊಂದು ಮೆಟ್ಟಿಲು, ಇಸ್ತ್ರಿಗೆ ಬೇರೆ ವಿದ್ಯುತ್ ತಂತಿ ಎಳೆಸಬೇಕು. ಚೀಟಿಯನ್ನು ಡ್ರಾಯರಿನಲ್ಲಿ ಮಗುಚಿಟ್ಟು ಅಕ್ಕನಿಗೆ ಹೇಳಿದೆ, “ನೀನೂ ಹೋಗಿ ನೋಡಿ ಬಾ. ಹಾಗೇ ಆ ಸಾಲಿನವರನ್ನ ವಿಚಾರಿಸು, ಅಲ್ಲಿ ಅಂಗಡಿ ಇಟ್ಟರೆ ಯಾರದ್ದಾದ್ರೂ ತಕರಾರು ಇದೆಯಾ ಅಂತ.” ಗುರುತಿಲ್ಲದವರ ಮುಂದೆ ನನಗೆ ಬಾಯೇ ಬರುವುದಿಲ್ಲ. ಅಕ್ಕ ಗೋಡೆಯನ್ನೂ ಮಾತಾಡಿಸುವವಳು.

ನಾಲ್ಕು ದಿನದ ಮೇಲೆ ತನ್ನ ಚೀಟಿ ಕೊಟ್ಟಳು. ತೇವ, ನಲ್ಲಿ, ಮೆಟ್ಟಿಲು, ತಂತಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

“ಅಕ್ಕಾ, ಹುಟ್ಟಿದಾಗಿಂದ ಇದೇ ಮೊದಲ ಸಲ ನಾವಿಬ್ಬರೂ ಒಪ್ಪಿರೋದು ಕಣೇ!” ಅಂತ ಕುಣಿದುಬಿಟ್ಟೆ. “ಅಂಗಡಿಗೆ ತಕರಾರು ಇಲ್ಲ ತಾನೆ?”

“ಇದ್ದಿದ್ರೆ ಬರೀತಿರ್ಲಿಲ್ವಾ?” ಅಂದಳು, ಕೈಯಲ್ಲಿದ್ದ ತೋಳಿನ ಹೊಲಿಗೆಯಿಂದ ತಲೆ ಎತ್ತದೆ. “ಇನ್ನೇನು ಯೋಚನೆ? ತಗೊಂಡುಬಿಡು.”

ಪತ್ರಗಳನ್ನು ವಕೀಲರು ನೋಡಿ ಎಲ್ಲ ಸರಿಯಿದೆ ಎಂದರು. ಪತ್ರ ಹೇಳುವುದು ಮನೆ ಯಾರದು ಅಂತ, ಅದರೊಳಗೆ ಏನು ಮಾಡಬಹುದು ಅಂತಲ್ಲ. ಅದನ್ನು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ತಾಳೆಯಾದ ಎರಡು ಚೀಟಿ ಕೈಯಲ್ಲಿದ್ದವಲ್ಲ, ಅಷ್ಟೇ ನನಗೆ ಸಾಕಾಗಿತ್ತು. ಇದ್ದ ಮನೆ ಮಾರಿ ಇದನ್ನು ಕೊಂಡೆವು. ಹಳೆ ಅಂಗಡಿಯ ನನ್ನ ಮೇಜಿಗೆ ಅಕ್ಕನ ಮಗಳು ಬಂದು ನಿಂತಳು. ಅವಳು ಆಗ ತಾನೇ ಕತ್ತರಿಸುವುದನ್ನು ಪೂರ್ತಿ ಕಲಿತಿದ್ದಳು. ಕಲಿಸಿದವಳು ನಾನೇ. ಹೊರಡುವ ದಿನ ನನ್ನ ಒಳ್ಳೆಯ ಕತ್ತರಿಯನ್ನೂ ಅವಳಿಗೇ ಕೊಟ್ಟು ಬಂದೆ.

ಬೀರು ಹಿಡಿದು ಹನ್ನೆರಡನೇ ಮೆಟ್ಟಿಲಿನ ಮೇಲೆ ನಿಂತಾಗ ನನಗೆ ಮೊದಲು ನಗು ಬಂತು. ನಾನು ತಪ್ಪಾಗಿ ಎಣಿಸಿದ್ದೆ, ಅದೇ ತಪ್ಪು ಅವಳ ಚೀಟಿಯಲ್ಲೂ! ಮೈಗಳ್ಳಿ! ಡ್ರಾಯರು ತೆಗೆದು ನನ್ನ ಚೀಟಿಯನ್ನೇ ನಕಲು ಮಾಡಿದ್ದಾಳೆ, ಈ ಕಡೆ ತಲೆಯೇ ಹಾಕಿಲ್ಲ. ಸ್ವಲ್ಪ ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಆದರೂ ವಯಸ್ಸಾಯಿತು, ಮಂಡಿ ನೋವು, ಬಿಸಿಲಿನಲ್ಲಿ ಯಾರು ಬರುತ್ತಾರೆ ಅಂತ ನಾನೇ ಅವಳ ಪರ ವಾದ ಮಾಡಿಕೊಂಡೆ. ಸಿಕ್ಕಾಗ ಚೆನ್ನಾಗಿ ರೇಗಿಸಬೇಕು ಅಂದುಕೊಂಡೆ.

ಮಾರನೆಯ ವಾರ ಅಂಗಡಿಯ ಬೋರ್ಡು ಬಂತು. ಏಣಿ ಹಾಕಿ ಮೊಳೆ ಹೊಡೆಯುತ್ತಿರುವಾಗ ಪಕ್ಕದ ಮನೆಯ ಗಡಿಯಾರ ರಿಪೇರಿಯವರು ಹೊರಗೆ ಬಂದರು. ಒಂದು ಕಣ್ಣಿಗೆ ಭೂತಗನ್ನಡಿ ಹಾಗೇ ಇತ್ತು.

“ಏನಮ್ಮಾ, ಬೋರ್ಡು ಹಾಕ್ತಿದ್ದೀರಾ?” ಎಂದರು. “ಈ ಸಾಲಿನಲ್ಲಿ ಬರೀ ವಾಸಕ್ಕೆ ಮಾತ್ರ ಅನುಮತಿ. ನಾನೂ ಅಂಗಡಿ ಇಟ್ಟಿದ್ದೆ, ಮೂರನೇ ತಿಂಗಳಿಗೆ ನಗರಸಭೆ ಕಚೇರಿಯವರು ಬಂದು ಬೀಗ ಹಾಕಿಸಿದ್ರು. ಈಗ ನೋಡಿ, ಹಿಂದಿನ ಕೋಣೆಯಲ್ಲಿ ಕಳ್ಳನ ಥರ ಕೂತು ಗಡಿಯಾರ ಬಿಚ್ತೀನಿ. ನಿಮ್ಮ ಮೆಷಿನ್ನು ಸದ್ದು ಮಾಡುತ್ತೆ, ಜನ ಬಂದು ಹೋಗ್ತಾರೆ. ನಡೆಯಲ್ಲ.”

ನಾನು ಸುತ್ತಿಗೆ ಕೆಳಗಿಟ್ಟೆ. “ನಮಗೆ ಯಾರೂ ಹೇಳಲಿಲ್ವಲ್ಲ ಸಾರ್.”

ಅವರು ಭೂತಗನ್ನಡಿ ತೆಗೆದು ನನ್ನನ್ನೇ ನೋಡಿದರು. “ನಿಮ್ಮ ಅಕ್ಕನಿಗೆ ಹೇಳಿದ್ನಲ್ಲಮ್ಮ. ಗಿಡ್ಡಕ್ಕೆ ಇದ್ದಾರಲ್ಲ, ಅವರೇ. ತಂಗಿ ಈ ಮನೆ ಕೊಳ್ತಾಳೆ ಅಂತ ಒಂದು ಸಲ ಬಂದು ಕೇಳಿದ್ರು. ಎರಡು ದಿನ ಬಿಟ್ಟು ಮತ್ತೆ ಬಂದು, ಖಂಡಿತಾನಾ ಅಂದ್ರು. ಬೀಗ ಹಾಕಿಸಿದ ನೋಟೀಸನ್ನೇ ತೆಗೆದು ತೋರಿಸಿದೆ. ನೀರು ಕುಡಿದು ಹೋದ್ರು.”

ಕಚೇರಿಗೆ ಹೋದೆ. ಗುಮಾಸ್ತ ದಪ್ಪ ಪುಸ್ತಕ ತಿರುವಿ, ಬೆರಳಿಟ್ಟು, “ವಾಸಕ್ಕೆ ಮಾತ್ರ” ಎಂದು ಓದಿ ಪುಸ್ತಕ ಮುಚ್ಚಿದ. ಬದಲಾಯಿಸಲು ಬರುತ್ತದೆಯೇ ಎಂದೆ. ಇಡೀ ಸಾಲಿಗೆ ಬರುವುದಿಲ್ಲ ಎಂದ. ಅಲ್ಲಿಂದ ನೇರ ಹಳೆ ಅಂಗಡಿಗೆ ನಡೆದೆ. ಅವಳು ಬಂದೇ ಇರಲಿಲ್ಲ ಎಂದುಕೊಂಡು ಕ್ಷಮಿಸಿದ್ದೆನಲ್ಲ, ಎರಡೆರಡು ಸಲ ಬಂದಿದ್ದಳು. ಸತ್ಯ ತಿಳಿದುಕೊಂಡು ಹೋಗಿ, ತನ್ನ ಚೀಟಿ ಬರೆಯಲು ಕೈ ಬಾರದೆ ನನ್ನದನ್ನು ನೋಡಿ ಬರೆದಿದ್ದಳು.

ಅಕ್ಕ ಒಬ್ಬಳೇ ಇದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ಅರ್ಥವಾಯಿತು. ಮೆಷಿನ್ನು ನಿಲ್ಲಿಸಿದಳು.

“ಗಡಿಯಾರದವರು ಸಿಕ್ಕಿದ್ರಾ?” ಎಂದಳು.

“ಯಾಕೆ ಅಕ್ಕಾ?” ಎಂದೆ.

“ಮಗಳಿಗೆ ಮೇಜು ಬೇಕಿತ್ತು. ಬೇರೆ ಅಂಗಡಿಗೆ ಹೋಗ್ತೀನಿ ಅಂತ ಹಟ ಹಿಡಿದಿದ್ಲು. ಇಲ್ಲಿ ಮೂರನೇ ಮೇಜಿಗೆ ಜಾಗ ಎಲ್ಲಿದೆ ಹೇಳು.”

“ನನ್ನನ್ನ ಕೇಳಬಹುದಿತ್ತಲ್ಲ! ಅವಳಿಗೆ ಕತ್ತರಿ ಹಿಡಿಯೋದು ಕಲಿಸಿದ್ದೇ ನಾನು. ಕೇಳಿದ್ರೆ ಬಿಟ್ಟುಕೊಡ್ತಿರಲಿಲ್ವಾ?”

“ನೀನು ಕೊಡ್ತಿದ್ದೆ,” ಅಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು, ಆದರೆ ದನಿ ಗಟ್ಟಿಯಾಗಿತ್ತು. “ನಗ್ತಾ ನಗ್ತಾ ಕೊಡ್ತಿದ್ದೆ, ನನಗೆ ಗೊತ್ತಿಲ್ವಾ? ಆಮೇಲೆ ಸಾಯೋವರೆಗೂ ನಾನು ನಿನ್ನ ಹಂಗಿನಲ್ಲಿ ಇರಬೇಕಿತ್ತು. ಅಪ್ಪನ ಕಾಲದಿಂದ ನೀನು ಕೊಡೋದು, ನಾನು ತಗೊಳ್ಳೋದು. ನೀನಾಗಿ ಹೋದೆ ಅಂತ ಆಗಲಿ ಅಂದುಕೊಂಡೆ.”

ಮನೆ ಹೋಗಿದ್ದಕ್ಕಿಂತ, ಕೆಲಸ ಹೋಗಿದ್ದಕ್ಕಿಂತ ಹೆಚ್ಚಾಗಿ ಆ ಮಾತು ಚುಚ್ಚಿತು. ನನ್ನ ಬದುಕು ಬೀದಿಗೆ ಬಿದ್ದರೂ ಅವಳು ತಾಳಿಕೊಳ್ಳುತ್ತಿದ್ದಳು. ನಾನು ಪ್ರೀತಿಯಿಂದ ಕೊಟ್ಟದ್ದನ್ನು ಮಾತ್ರ ಇಷ್ಟು ವರ್ಷವೂ ಅವಳಿಗೆ ತಾಳಿಕೊಳ್ಳಲು ಆಗಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಮಗಳು ಗುಂಡಿಗಳ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದಳು. ನನ್ನನ್ನು ಕಂಡು ಮುಖ ಅರಳಿತು.

“ಚಿಕ್ಕಮ್ಮಾ! ಹೊಸ ಅಂಗಡಿ ಯಾವಾಗ ಶುರು? ನಾನು ಬಂದು ಒಂದು ವಾರ ಇರ್ತೀನಿ, ಆಯ್ತಾ?”

ಅಕ್ಕ ಮೆಷಿನ್ನಿನಿಂದ ಎದ್ದಳು. ಮಗಳ ಬೆನ್ನ ಹಿಂದಿನಿಂದ, ಬೇಡ ಬೇಡ ಎಂದು ನನಗೆ ತಲೆಯಾಡಿಸಿದಳು. ಕೇಳಲಾರದೆ ಹೋದವಳು ಈಗ ಬೇಡುತ್ತಿದ್ದಳು. ಬಾಯಿ ಮುಚ್ಚಿಕೊಂಡು ಬಂದುಬಿಡುವುದು ನನಗೆ ಕಷ್ಟವೇನೂ ಆಗಿರಲಿಲ್ಲ, ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಆದರೆ ಸುಮ್ಮನಿದ್ದರೆ ಅದೂ ಅವಳಿಗೆ ಮಾಡಿದ ಇನ್ನೊಂದು ಉಪಕಾರವಾಗುತ್ತಿತ್ತು.

“ಅಲ್ಲಿ ಅಂಗಡಿ ಇಡೋಕೆ ಬಿಡಲ್ಲಮ್ಮ,” ಅಂದೆ. “ನಾನು ಕೊಳ್ಳೋಕೆ ಮುಂಚೆನೇ ನಿಮ್ಮಮ್ಮನಿಗೆ ಗೊತ್ತಿತ್ತು. ಯಾಕೆ ಹೇಳಲಿಲ್ಲ ಅಂತ ಅವಳನ್ನೇ ಕೇಳು.”

ಕೆಳಗಿಳಿಯುವಾಗ ಮೇಲೆ ಮಗಳ ದನಿ ಕೇಳಿಸಿತು: “ಅಮ್ಮಾ? ಏನು ಹೇಳ್ತಿದ್ದಾರೆ ಚಿಕ್ಕಮ್ಮ?” ಉತ್ತರಕ್ಕೆ ನಾನು ಕಾಯಲಿಲ್ಲ. ರಸ್ತೆಗೆ ಬಂದು ಬಸ್ಸು ಹತ್ತಿದೆ.