ಬಾಡಿಗೆಗಲ್ಲದ ಲಾರಿ

ಟ್ಯಾಂಗನ್ ಮನೆಯವರ ಗೋಧಿ ಹೊಲಕ್ಕೆ ತಿರುಗುವ ಮೊದಲು ಲಿಯೋನಾ ಲಾರಿ ನಿಲ್ಲಿಸಿ ಕೆಳಗಿಳಿದಳು. ಹಿಂದಕ್ಕೆ ಹೋಗಿ ನಂಬರ್ ಪ್ಲೇಟಿನ ಮೇಲಿನ ದೂಳನ್ನು ಬಟ್ಟೆಯಿಂದ ತೆಗೆದಳು. ಮನೆಯಿಂದ ಹೊರಡುವಾಗಲೂ ತೆಗೆದಿದ್ದಳು.

“ಇನ್ನೂ ಸ್ವಲ್ಪ ಉಜ್ಜು. ಅದರಲ್ಲೇ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು,” ಎಂದ ತಮ್ಮ ಮೈರನ್, ಸೀಟಿನಿಂದ ತಲೆ ಹೊರಹಾಕಿ.

“ನಿನ್ನಿಂದಲೇ ತಾನೇ ನಾನಿದನ್ನ ಉಜ್ಜೋ ಹಾಗಾಗಿರೋದು?”

ಅದು ರೈತರ ಪ್ಲೇಟು. ಬಾಡಿಗೆ ಲಾರಿಯವರು ಕಟ್ಟುವ ತೆರಿಗೆಯಲ್ಲಿ ಸಣ್ಣದೊಂದು ಪಾಲು ಕಟ್ಟಿದರೆ ಸಾಕು, ಸರ್ಕಾರ ಇದನ್ನು ಕೊಡುತ್ತದೆ. ಆದರೆ ಇಂಥ ಲಾರಿಯಲ್ಲಿ ತಮ್ಮ ಹೊಲದ್ದನ್ನು ಮಾತ್ರ ಸಾಗಿಸಬೇಕು. ನೆರೆಯವರದ್ದನ್ನು ಸಾಗಿಸಿದರೆ ಬರಿಯ ಸಹಾಯಕ್ಕಾಗಿ ಸಾಗಿಸಬೇಕು. ಪ್ರತಿಫಲ ತೆಗೆದುಕೊಂಡರೆ ಅದು ಬಾಡಿಗೆ, ಬಾಡಿಗೆಯಾದರೆ ತಪ್ಪು. ಇದನ್ನು ಲಿಯೋನಾ ಎಷ್ಟು ಸಲ ಹೇಳಿದರೂ ಮೈರನ್ ತಲೆಗೆ ಹೋಗಿರಲಿಲ್ಲ. ರೈತ ಕೂತು ಓಡಿಸಿದ ಮೇಲೆ ಅದು ರೈತನ ಕೆಲಸವೇ ಎಂಬುದು ಅವನ ವಾದ. ಹೋದ ವಸಂತದಲ್ಲಿ ಊರಿನ ದಂತವೈದ್ಯರ ಮನೆಸಾಮಾನನ್ನೆಲ್ಲ ಲಾರಿಯಲ್ಲಿ ತುಂಬಿಕೊಂಡು ಸಸ್ಕಟೂನ್ ನಗರಕ್ಕೆ ಸಾಗಿಸಿ, ಬದಲಿಗೆ ಅರ್ಧ ಹಸುವಿನ ಮಾಂಸ ತಂದಿದ್ದ. ದಾರಿಯಲ್ಲಿ ಹೆದ್ದಾರಿ ಅಧಿಕಾರಿ ಲಾವಲೀ ತಡೆದಾಗ ಮುಚ್ಚಿಡಲೂ ಇಲ್ಲ. ಮಾಂಸ ಬಹಳ ಚೆನ್ನಾಗಿದೆ, ನಿಮಗೂ ಒಂದು ತುಂಡು ಕೊಡಲೇ ಎಂದು ಕೇಳಿದ್ದ. ಲಾರಿ ಇದ್ದದ್ದು ಲಿಯೋನಾಳ ಹೆಸರಿನಲ್ಲಿ. ಎಚ್ಚರಿಕೆ ಬಂದದ್ದೂ ಅವಳಿಗೇ. ಇನ್ನೊಮ್ಮೆ ಹೀಗಾದರೆ ಪ್ಲೇಟು ರದ್ದು.

ಅವಳ ಮಸೂರ ಬೆಳೆ ಇನ್ನೂ ಹೊಲದಲ್ಲೇ ಇತ್ತು. ಪ್ಲೇಟು ಹೋದರೆ ಅದನ್ನು ರೈಲು ಹಳಿಯ ಪಕ್ಕದ ಕಣಜಕ್ಕೆ ಸಾಗಿಸಲು ಬೇರೆ ದಾರಿಯಿರಲಿಲ್ಲ. ಕೊಯ್ಲಿನ ಕಾಲದಲ್ಲಿ ಬಾಡಿಗೆ ಲಾರಿ ಕೇಳಿದರೆ ಜನ ನಗುತ್ತಾರೆ.

ಆದರೂ ಇವತ್ತು ಬಾರದೆ ಇರುವಂತಿರಲಿಲ್ಲ. ಹಾಲ್ವರ್ ಟ್ಯಾಂಗನ್ ಹೃದಯದ ಆಪರೇಷನ್ ಆಗಿ ನಗರದ ಆಸ್ಪತ್ರೆಯಲ್ಲಿ ಮಲಗಿದ್ದ. ಗೋಧಿ ಒಣಗಿ ನಿಂತಿತ್ತು, ವಾರದ ಕೊನೆಗೆ ಮಳೆ ಎಂದು ರೇಡಿಯೋ ಹೇಳಿತ್ತು. ಇಂಥ ಹೊತ್ತಿನಲ್ಲಿ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ಸುತ್ತಲಿನವರೆಲ್ಲ ತಮ್ಮ ಕೊಯ್ಲು ಬಿಟ್ಟು, ಕಟಾವು ಯಂತ್ರ, ಲಾರಿ ತಗೊಂಡು ಬಂದು, ಒಂದೇ ದಿನದಲ್ಲಿ ಹೊಲ ಖಾಲಿ ಮಾಡಿ ಹೋಗುತ್ತಾರೆ. ಈ ಬಯಲಿನಲ್ಲಿ ಅದು ಹಾಗೆಯೇ ನಡೆದುಕೊಂಡು ಬಂದಿದೆ.

ಇದಕ್ಕೆ ಅಡ್ಡಿಯಿದೆಯೇ ಎಂದು ಲಿಯೋನಾ ಹಿಂದಿನ ದಿನವೇ ಲೈಸೆನ್ಸ್ ಕಚೇರಿಗೆ ಫೋನು ಮಾಡಿದ್ದಳು. ಮೊದಲು ಸಿಕ್ಕವಳು ಅಡ್ಡಿಯಿಲ್ಲ ಎಂದಳು. ನಂಬಿಕೆ ಬಾರದೆ ಮತ್ತೆ ಮಾಡಿದಾಗ ಸಿಕ್ಕವನು, ಯಾವ ರೂಪದ ಪ್ರತಿಫಲವೂ ಇರಬಾರದು ಎಂದ. “ಮಧ್ಯಾಹ್ನ ಊಟ ಹಾಕ್ತಾರಲ್ಲ, ಅದು?” ಎಂದು ಇವಳು ಕೇಳಿದ್ದೇ ತಪ್ಪಾಯಿತು. ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಅವನು ಹೋದವನು ಬರಲೇ ಇಲ್ಲ. ಕಾಯುವವರಿಗೆಂದು ಫೋನಿನಲ್ಲಿ ಹಾಕಿದ ಪಿಟೀಲು ಮಾತ್ರ ಕೇಳುತ್ತಲೇ ಇತ್ತು. ಮೂರನೆಯ ಸಲ ಮಾಡಿದಾಗ ಶುರುವಿನಿಂದಲೇ ಪಿಟೀಲು.

ಹೊಲದಲ್ಲಿ ಯಂತ್ರಗಳು ಆಗಲೇ ಸಾಲಾಗಿ ಹೊರಟಿದ್ದವು. ಹಾಲ್ವರ್‌ನ ಹೆಂಡತಿ ಸಿಗ್ನೆ ಪಿಕಪ್ಪಿನ ಹಿಂದೆ ಡೀಸೆಲ್ ಟ್ಯಾಂಕ್ ಇಟ್ಟುಕೊಂಡು ಲಾರಿಯಿಂದ ಲಾರಿಗೆ ಹೋಗಿ ತುಂಬಿಸುತ್ತಿದ್ದಳು. ಸಹಾಯಕ್ಕೆ ಬಂದವರನ್ನು ಖಾಲಿ ಟ್ಯಾಂಕಿನಲ್ಲಿ ಕಳಿಸುವ ಮನೆ ಈ ಸುತ್ತಿನಲ್ಲಿ ಒಂದೂ ಇಲ್ಲ. ಆದರೆ ಡೀಸೆಲ್ ತೆಗೆದುಕೊಂಡರೆ ಅದೂ ಪ್ರತಿಫಲವೇ. ಅವಳು ತನ್ನತ್ತ ಬರುವುದನ್ನು ಕಂಡು ಲಿಯೋನಾ ಟ್ಯಾಂಕಿನ ಮುಚ್ಚಳಕ್ಕೆ ಅಡ್ಡವಾಗಿ ನಿಂತಳು.

“ನಂಗೆ ಬೇಡ ಸಿಗ್ನೆ. ತುಂಬಿದೆ.”

“ಸುಳ್ಳು ಹೇಳ್ಬೇಡ. ಮುಚ್ಚಳ ತೆಗಿ.”

“ನಿಜವಾಗ್ಲೂ ಬೇಡ. ಆಮೇಲೆ ನೋಡೋಣ.”

“ಯಾಕೆ, ನನ್ನ ಡೀಸೆಲಲ್ಲಿ ನೀರಿದ್ಯಾ?” ಎನ್ನುತ್ತ ಸಿಗ್ನೆ ಪೈಪನ್ನು ಸರಸರ ಸುತ್ತಿಕೊಂಡು ಮುಂದೆ ಹೋದಳು.

ಬಚಾವಾದೆ ಎಂದುಕೊಂಡು ಲಿಯೋನಾ ಎರಡು ಲೋಡು ಸಾಗಿಸಿದಳು. ಮಧ್ಯಾಹ್ನ ಎಲ್ಲರೂ ಪಿಕಪ್ಪಿನ ಹಿಂಬಾಗಿಲುಗಳ ಮೇಲೆ ಹರಡಿದ್ದ ಎಲೆಕೋಸಿನ ಸುರುಳಿ, ಹಂದಿಮಾಂಸದ ಸ್ಯಾಂಡ್‌ವಿಚ್ಚು, ಬೆರ್ರಿ ಹಣ್ಣಿನ ಹೂರಣ ತುಂಬಿ ಬೇಯಿಸಿದ ಪೈ ತಿನ್ನುವಾಗ ಅವಳೂ ತಿಂದಳು. ಊಟದ ಪ್ರಶ್ನೆಗೆ ಉತ್ತರ ಬಂದಿರಲಿಲ್ಲ, ಆದರೆ ಹಸಿವಾಗಿತ್ತು. ತಿಂದು ಬಂದು ಲಾರಿ ಚಾಲೂ ಮಾಡಿದರೆ ಡೀಸೆಲಿನ ಮುಳ್ಳು ಕೊನೆಯವರೆಗೂ ಏರಿ ನಿಂತಿತು.

“ಮೈರನ್! ಏನೋ ಇದು?”

“ಸಿಗ್ನೆ ಬಂದ್ಳು, ಹಾಕಿದ್ಳು. ನಾನೇನು ಕೈ ಹಿಡ್ಕೊಳ್ಳೋಕಾಗುತ್ತಾ?”

“ಬೇಡ ಅನ್ನೋಕೆ ಬಾಯಿರಲಿಲ್ವಾ?”

“ಬಾಯಿ ತುಂಬ ಪೈ ಇತ್ತು ಮಾರಾಯ್ತಿ.”

ಲಿಯೋನಾ ಮುಂದೇನು ಮಾಡಿದಳೋ ಅದನ್ನು ಮಾಡಬಾರದೆಂದು ಮಾಡುವಾಗಲೇ ಅವಳಿಗೆ ಗೊತ್ತಿತ್ತು. ಲಾರಿಯನ್ನು ಸಿಗ್ನೆಯ ಪಿಕಪ್ಪಿನ ಪಕ್ಕಕ್ಕೆ ತಂದು, ಕೈಪಂಪು ಹಚ್ಚಿ, ಡೀಸೆಲನ್ನು ವಾಪಸು ಹರಿಸತೊಡಗಿದಳು. ಕಾಫಿ ಕುಡಿಯುತ್ತಿದ್ದವರು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಸಿಗ್ನೆ ಕೈಕಟ್ಟಿಕೊಂಡು ಬಂದು ನಿಂತಳು.

“ಏನ್ ಮಾಡ್ತಿದೀಯ?”

“ಪ್ರತಿಫಲ ತಗೋಬಾರದು ಸಿಗ್ನೆ. ನಮ್ಮದು ರೈತರ ಪ್ಲೇಟು. ನಂಗೆ ಆಗಲೇ ಒಂದು ಎಚ್ಚರಿಕೆ ಕೊಟ್ಟಿದಾರೆ.”

“ಇಲ್ಲಿರೋರೆಲ್ಲರದ್ದೂ ರೈತರ ಪ್ಲೇಟೇ. ಅವರ್ಯಾರೂ ನನ್ನ ಮುಖಕ್ಕೆ ವಾಪಸ್ ಎಸೀಲಿಲ್ಲ.”

“ಎಸೀತಾ ಇಲ್ಲ. ನಾನು ಬಂದಿರೋದು ಸುಮ್ನೆ, ಸಹಾಯಕ್ಕೆ ಅಂತ.”

“ಸುಮ್ನೆ! ಗಂಡ ಆಸ್ಪತ್ರೇಲಿದಾನೆ ಅಂತ ನಾನು ಊರೋರ ಹತ್ರ ಧರ್ಮಕ್ಕೆ ಮಾಡಿಸ್ಕೋಬೇಕಾ? ನಮ್ಮತ್ತೆ ಬರಿಗೈಲಿ ಯಾರನ್ನೂ ಕಳಿಸಿದವಳಲ್ಲ. ನಾನೂ ಕಳಿಸಲ್ಲ.”

ಅರ್ಧಕ್ಕೆ ನಿಲ್ಲಿಸಿದರೆ ಎರಡೂ ಕೆಟ್ಟಂತೆ ಎಂದುಕೊಂಡು ಲಿಯೋನಾ ಪಂಪು ಒತ್ತುತ್ತಲೇ ಇದ್ದಳು. ಸರಿಯಾದದ್ದನ್ನು ಮಾಡುವವರಿಗೆ ಇಷ್ಟು ಅವಮಾನ ಏಕಾಗಬೇಕು? ದಂತವೈದ್ಯರ ಮಂಚ ಹೊತ್ತವನು ಆಚೆ ಹಾಯಾಗಿ ಎರಡನೆಯ ತುಂಡು ಪೈ ತಿನ್ನುತ್ತಿದ್ದ.

ಲಾವಲೀಯ ಗಾಡಿ ಹೊಲಕ್ಕೆ ಬಂದದ್ದು ಆಗಲೇ. ರಸ್ತೆಯಲ್ಲಿ ಸಾಲುಸಾಲು ಲಾರಿ ಕಂಡಿದ್ದನೆಂದು ತೋರುತ್ತದೆ. ಇಳಿದು, ಟೋಪಿ ತೆಗೆದು, ಮೊದಲು ಹಾಲ್ವರ್‌ನ ಆರೋಗ್ಯ ಕೇಳಿದ. ಆಮೇಲೆ ಪ್ಲೇಟುಗಳನ್ನು ನೋಡುತ್ತ ಸಾಲಿನುದ್ದಕ್ಕೂ ನಡೆದ.

“ಸಹಾಯಕ್ಕೆ ಬಂದಿರೋದು ತಾನೇ? ಯಾರೂ ಏನೂ ತಗೊಂಡಿಲ್ವಲ್ಲ?”

“ಏನೂ ಇಲ್ಲ ಸರ್,” ಎಂದ ದೊಡ್ಡ ಮೈಯ ಡ್ವೇನ್ ಫ್ರೀಸನ್. ಉಳಿದವರು ಅವನ ಹಿಂದೆ ತಲೆಯಾಡಿಸಿದರು. ಮಾತು ಅಲ್ಲಿಗೇ ಮುಗಿಯಬೇಕಿತ್ತು.

“ತಗೊಂಡಿದಾರೆ,” ಎಂದಳು ಸಿಗ್ನೆ. “ಎಲ್ಲರಿಗೂ ಟ್ಯಾಂಕ್ ತುಂಬ ಕೊಟ್ಟಿದೀನಿ. ನಾವು ಯಾರ ಹಂಗಲ್ಲೂ ಇಲ್ಲ.”

ಡ್ವೇನ್ ಕಣ್ಣು ಮುಚ್ಚಿಕೊಂಡ.

ಲಾವಲೀ ತೆಗೆದಿದ್ದ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ. “ಮೇಡಂ, ಹಾಗಂದ್ರೆ ಅದು ಬಾಡಿಗೆ ಆಗುತ್ತೆ.”

“ಬಾಡಿಗೆ ಅನ್ನಿ, ಇನ್ನೇನಾದ್ರೂ ಅನ್ನಿ. ಧರ್ಮ ಅಂತ ಮಾತ್ರ ಅನ್ಬೇಡಿ.”

“ಇದನ್ನ ನಾನು ಕೇಳಿಸ್ಕೊಂಡ ಮೇಲೆ ಬರ್ಕೊಳ್ಳದೆ ಇರೋಕಾಗಲ್ಲ,” ಎಂದ ಅವನು. ಲಿಯೋನಾಳ ಕೈಲಿದ್ದ ಪಂಪಿನತ್ತ ತಿರುಗಿದ. “ನಿಮ್ಮದು?”

“ವಾಪಸ್ ಹಾಕ್ದೆ.”

“ಕಣ್ಣಾರೆ ಕಂಡೆ. ಹಾಗಾದ್ರೆ ನಿಮ್ಮದೊಂದು ಸರಿಯಿದೆ. ನೀವು ಹೊರಡಬಹುದು.”

ಎಷ್ಟೋ ತಿಂಗಳಿಂದ ಅವಳು ಕಾಯುತ್ತಿದ್ದ ಮಾತು ಅದು. ಅವಳಿಗೆ ಸಂತೋಷವೇ ಆಗಲಿಲ್ಲ. ಇಷ್ಟು ಜನರ ಪ್ಲೇಟು ಕಿತ್ತುಕೊಂಡು ಹೋದರೆ ಈ ಗೋಧಿಯನ್ನು ಸಾಗಿಸುವವರಾರು, ಅವರವರ ಬೆಳೆ ಸಾಗಿಸುವವರಾರು? ಹಾಲ್ವರ್ ಆಸ್ಪತ್ರೆಯಿಂದ ಬಂದು ಏನನ್ನು ನೋಡಬೇಕು? ಇವರೆಲ್ಲರ ಮುಂದೆ ತಾನೊಬ್ಬಳು ಸರಿಯಿದ್ದ ಲಾರಿ ಓಡಿಸಿಕೊಂಡು ಹೋಗಬೇಕೇ? ಕೆಲಸಕ್ಕೆ ಕೆಲಸ ಬದಲಿ ಮಾಡಿದರೆ ಅಡ್ಡಿಯಿಲ್ಲವೆಂದು ಎರಡನೆಯ ಫೋನಿನವನು ನಡುವೆ ಎಲ್ಲೋ ಹೇಳಿದ್ದ. ನೆರೆಯವರ ಹತ್ತಿರ ಸಹಾಯ ಕೇಳುವವಳೇ ಅಲ್ಲದ ಅವಳು ಆಗ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

“ಸರ್, ಇದು ಬಾಡಿಗೆ ಅಲ್ಲ. ಬದಲಿ ಕೆಲಸ,” ಎಂದಳು. “ಗುರುವಾರ ಟ್ಯಾಂಗನ್ ಅವರ ಮಿಷನ್ನು ನಮ್ಮ ಮಸೂರ ಕೊಯ್ಯೋಕೆ ಬರುತ್ತೆ. ನಮ್ಮ ಲಾರಿ ಅದಕ್ಕೇ ಇಲ್ಲಿಗೆ ಬಂದಿದೆ. ಡೀಸೆಲ್ ಸುಮ್ನೆ ಊಟದ ಹಾಗೆ.”

“ಯಾವಾಗ ಮಾತಾಡ್ಕೊಂಡ್ರಿ ಇದನ್ನ?”

ಹೋದ ವಾರ ಎಂದರೆ ಸಾಕಿತ್ತು. ಮೈರನ್ ಆಗಿದ್ದರೆ ಅದನ್ನೇ ಅನ್ನುತ್ತಿದ್ದ.

“ಈಗ. ನೀವು ನೋಡ್ತಾ ಇರೋವಾಗ್ಲೇ. ಸಿಗ್ನೆ ಒಪ್ಪಿದ್ರೆ.”

ಮೈರನ್ ಹಣೆ ಚಚ್ಚಿಕೊಂಡ. ಸಿಗ್ನೆ ಲಿಯೋನಾಳನ್ನೇ ನೋಡುತ್ತಿದ್ದಳು. ಕಟ್ಟಿದ್ದ ಕೈ ಬಿಚ್ಚಿದಳು.

“ಒಪ್ಪದೆ ಏನು? ಮೊದಲೇ ಹೀಗೆ ಕೇಳೋಕೆ ಏನಾಗಿತ್ತು ನಿಂಗೆ?”

“ಉಳಿದೋರು?” ಎಂದ ಲಾವಲೀ.

“ಶುಕ್ರವಾರ ನಂಗೆ!” ಎಂದು ಡ್ವೇನ್ ಕೂಗಿದ. ಅವನ ಹಿಂದೆಯೇ ಉಳಿದವರೂ ತಮಗೆ ಬೇಕಾದ ದಿನಗಳನ್ನು ಕೂಗತೊಡಗಿದರು. ಇಬ್ಬರು ಒಂದೇ ದಿನಕ್ಕೆ ಜಗಳ ಶುರುಮಾಡಿದರು. ಬಾಯಿ ಮುಚ್ಚಿ, ಒಬ್ಬೊಬ್ಬರಾಗಿ ಹೇಳಿ ಎಂದು ಸಿಗ್ನೆ ಗದರಿದಳು. ಬೆಳಗಿನಿಂದ ಬಗ್ಗಿಕೊಂಡೇ ಇದ್ದ ಅವಳ ಬೆನ್ನು ನೆಟ್ಟಗಾದಂತೆ ಲಿಯೋನಾಗೆ ಕಂಡಿತು.

ಗಲಾಟೆ ಇಳಿಯುವವರೆಗೆ ಲಾವಲೀ ಕಾದ. “ಕೆಲಸಕ್ಕೆ ಕೆಲಸ ಆದ್ರೆ ನಂದೇನೂ ಇಲ್ಲ. ಆದ್ರೆ ನೀವು,” ಎಂದು ಲಿಯೋನಾಳತ್ತ ಬೆರಳು ತೋರಿಸಿದ, “ನಿಮ್ಮ ಮೇಲೆ ಮೊದಲೇ ಎಚ್ಚರಿಕೆ ಇದೆ. ಗುರುವಾರ ಆ ಕಡೆ ಬರ್ತೀನಿ. ಅವರ ಮಿಷನ್ನು ನಿಮ್ಮ ಹೊಲದಲ್ಲಿ ಕಾಣ್ಲಿಲ್ಲ ಅಂದ್ರೆ ಪ್ಲೇಟು ಬಿಚ್ಕೊಂಡು ಹೋಗ್ತೀನಿ.”

“ನನ್ನದೇ ಯಾಕೆ? ವಾಪಸ್ ಹಾಕಿದವಳು ನಾನೊಬ್ಬಳೇ!”

“ಬದಲಿ ಕೆಲಸ ಅಂತ ಬಾಯಿ ಬಿಟ್ಟವರೂ ನೀವೇ ಅಲ್ವಾ?” ಎಂದು ಅವನು ಗಾಡಿ ಹತ್ತಿದ.

ಲಿಯೋನಾ ಪಂಪು ಸುತ್ತಿಟ್ಟಳು. ಇನ್ನು ಅಳಬೇಕೋ ಯಾರಿಗಾದರೂ ಹೊಡೆಯಬೇಕೋ ಅವಳಿಗೆ ತಿಳಿಯಲಿಲ್ಲ. ಸಿಗ್ನೆ ಪೈಪು ಎಳೆದುಕೊಂಡು ಬಂದು, ಕೇಳದೆಯೇ ಲಾರಿಯ ಮುಚ್ಚಳ ತಿರುಗಿಸಿದಳು. ಈ ಸಲ ಲಿಯೋನಾ ತಡೆಯಲಿಲ್ಲ.

“ಗುರುವಾರ ಮಿಷನ್ ಯಾರು ಓಡಿಸ್ತಾರೆ?” ಎಂದಳು. “ಹಾಲ್ವರ್ ಇಲ್ವಲ್ಲ.”

“ನಾನೇ.”

ಸಿಗ್ನೆ ಯಂತ್ರ ಓಡಿಸುವುದನ್ನು ಲಿಯೋನಾ ಒಮ್ಮೆ ಕಂಡಿದ್ದಳು. ಅಂದು ಬೇಲಿಗಂಬ ಎರಡು ಉರುಳಿದ್ದವು.

“ಸಿಗ್ನೆ, ಮಸೂರ ನೆಲಕ್ಕೆ ಅಂಟ್ಕೊಂಡಿರುತ್ತೆ. ಕಲ್ಲು ಬೇರೆ. ಬಹಳ ನಿಧಾನ ಹೋಗ್ಬೇಕು...”

“ನಂಗೆ ಹೇಳ್ಕೊಡ್ತೀಯಾ?”

ಲಿಯೋನಾ ಸಿಗ್ನೆಯ ಕೈಯಿಂದ ಮುಚ್ಚಳ ತೆಗೆದುಕೊಂಡು ತಾನೇ ಬಿಗಿದಳು. “ಇಲ್ಲ,” ಎಂದಳು. “ಬೇಗ ಬಾ. ಕಾಫಿ ಇಟ್ಟಿರ್ತೀನಿ.”