ಕೋಳಿಮೊಟ್ಟೆಯ ಮೈ

ಎತ್ತಿದ ಚಟ್ಟವನ್ನು ನಾಲ್ವರೂ ಮತ್ತೆ ಅಂಗಳಕ್ಕಿಳಿಸಿದರು. ಬಿದಿರು ಬಗ್ಗಿಹೋಗಿತ್ತು.

“ಹ್ವಾಯ್, ಇನ್ನಿಬ್ರ್ ಬನ್ನಿ! ನಾಲ್ಕ್ ಜನ್ರದ್ದ್ ಕೆಲ್ಸ ಅಲ್ಲ ಇದ್,” ಎಂದ ಸೋದರಮಾವ ಗುಣಪಾಲ, ಭುಜ ತಿಕ್ಕುತ್ತ. “ನಮ್ಮಕ್ಕ ಹಂಗೆ ಸಾಕಿತ್ತ್. ದಿನಾ ಡಜನ್ ಮೊಟ್ಟಿ!”

ಅವನ ಮಟ್ಟಿಗೆ ಅದು ಹೊಗಳಿಕೆಯೇ. ಬಾಗಿಲ ಬಳಿ ಕುಳಿತಿದ್ದ ಅಕ್ಕ ಉಮಾವತಿಗೆ ಹಾಗೆ ಕೇಳಿಸಲಿಲ್ಲ. ಮೂವತ್ತು ತುಂಬದ ಮಗ ಸುಜನ್ ನಿನ್ನೆ ಹಲ್ಲುಜ್ಜುತ್ತ ಬಾವಿಕಟ್ಟೆಯ ಬಳಿ ಕುಸಿದಿದ್ದ. ಹೃದಯ ದಪ್ಪವಾಗಿತ್ತು ಎಂದರು ಡಾಕ್ಟರು. ದಪ್ಪ ಮಾಡಿದವಳು ತಾನೇ ಅಲ್ಲವೆ?

*

ಕುಂದಾಪುರದ ಕಡೆ ಕ್ಷೇಮಸಮಾಚಾರಕ್ಕೆ ‘ತೆಳ್ಳಗಾದೆಯಲ್ಲ’ ಎಂಬ ಒಂದೇ ಮಾತು ಸಾಕು. ಕೆಲವು ವರ್ಷಗಳ ಹಿಂದೆ ಸಾಸ್ತಾನದ ಮದುವೆಯೊಂದರಲ್ಲಿ ಗುಣಪಾಲ ಪಾಯಸ ಸುರಿಯುತ್ತ ಅದನ್ನೇ ಆಡಿದ್ದ: “ಎಂತ ಸುಜನಾ, ಸಪೂರ ಆಯ್ದ್ಯಲೆ? ಮನಿಯಂಗೆ ಉಂಬುಕ್ ಹಾಕುದಿಲ್ಯಾ?”

ಪಂಕ್ತಿಯೆಲ್ಲ ನಕ್ಕಿತು. ಆಡಿದವನು ಬೀಡಾ ಹಾಕುವಷ್ಟರಲ್ಲಿ ಮರೆತ. ತಾಯಿ ಮರೆಯಲಿಲ್ಲ, ಕೋಳಿಗೂಡು ಕಟ್ಟಿಸಿದಳು. ಮಗನೂ ಮರೆಯಲಿಲ್ಲ, ಜಿಮ್ಮಿಗೆ ಸೇರಿದ.

ಮೊಟ್ಟೆಯಿಂದ ಬಂದ ಮೈ ಹೇಳಿಕೊಳ್ಳುವಂಥದ್ದೇನಲ್ಲ. ಉಳಿದದ್ದನ್ನು ಜಿಮ್ಮಿನ ಗೆಳೆಯ ಪ್ರೇಮಾನಂದ ಸೂಜಿಯಲ್ಲಿ ಕೊಟ್ಟ.

“ಅಮ್ಮನ ಹತ್ರ ಹೇಳ್ಬೇಡ ಮರಾಯ,” ಎಂದಿದ್ದ ಸುಜನ್, ಪ್ಯಾಂಟು ಮೇಲೆಳೆದುಕೊಳ್ಳುತ್ತ. “ಅದ್ರ ಕೋಳಿಯಿಂದ್ಲೇ ಮೈ ಬಂದದ್ದಂದೇಳಿ ಖುಷಿಯಂಗಿತ್ತ್.”

“ಇಷ್ಟ್ ಮೈ ಸಾಕಲ್ದಾ? ಇನ್ನ್ ನಿಲ್ಸ್.”

“ನಿಲ್ಸಿರೆ ಇಳಿತ್ತ್. ಇಳ್ದ್ರೆ ಮತ್ತ್ ಅದನ್ನೇ ಕೇಂತ್ರ್.”

*

ಆರನೆಯವನಾಗಿ ಚಟ್ಟದ ಕಡೆ ಬಂದ ಪ್ರೇಮಾನಂದನ ಕೈಯನ್ನು ಉಮಾವತಿ ಹಿಡಿದುಕೊಂಡಳು.

“ನೀ ಅವ್ನ್ ಒಟ್ಟಿಗೇ ಇದ್ದವ. ಸತ್ಯ ಹೇಳ್ ಮಗಾ. ನನ್ನ್ ಮೊಟ್ಟಿಯಿಂದ್ಲೇ ಆದ್ದಾ ಇದ್?”

“ಅಲ್ಲ ಅಮ್ಮ.”

“ಮತ್ತೆಂತದ್ರಿಂದ?”

ಪ್ರೇಮಾನಂದ ಬಾಯಿ ತೆರೆದ.

“ಹ್ವಾಯ್, ಹೊತ್ತಾಯ್ತ್! ಹೆಗ್ಲ್ ಕೊಡ್ ಮರಾಯ!” ಗುಣಪಾಲ ಕೂಗಿದ.

ಅಷ್ಟು ಬೇಗ ಯಾರೂ ಚಟ್ಟಕ್ಕೆ ಹೆಗಲು ಕೊಟ್ಟದ್ದನ್ನು ಆ ಊರು ಕಂಡಿರಲಿಕ್ಕಿಲ್ಲ.

ಚಟ್ಟ ಗದ್ದೆಯಂಚು ದಾಟಿತು. ಉಮಾವತಿ ಎದ್ದು ಹೋಗಿ ಗೂಡಿನ ಬಾಗಿಲು ತೆರೆದಳು. ಸೆರಗು ಬೀಸಿ ಬೀಸಿ ಕೋಳಿಗಳನ್ನೆಲ್ಲ ಹೊರಗಟ್ಟಿದಳು. ಅವು ಬೇಲಿಯವರೆಗೆ ಓಡಿದವು. ಅಲ್ಲಿ ನಿಂತು ಹಿಂದೆ ನೋಡಿದವು. ಆಮೇಲೆ ಒಂದೊಂದಾಗಿ ತಿರುಗಿ ಬಂದು, ಅವಳ ಕಾಲ ಸುತ್ತ, ಕಾಳಿಗಾಗಿ ಕತ್ತೆತ್ತಿ ನಿಂತವು.